ಡಿಕನ್ಸ್ ಮನೆಯಲ್ಲಿ ಐದು ವಾರ

ಮೆಚ್ಚಿನ ಲೇಖಕನನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲ ಓದುಗರಿಗಷ್ಟೇ ಇರುವುದಲ್ಲ, ಲೇಖಕರಿಗೂ ಇರುತ್ತದೆ. ಮಕ್ಕಳ ಕಥೆಗಳಿಂದ ಯೂರೋಪಿನ ಮನೆಮಾತಾಗಿದ್ದ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್‌ಸನ್‌ನಿಗೆ ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ ಎಂದರೆ ಅಂಥದೇ ಭಕ್ತಿ.

ಅವರಿಬ್ಬರ ಮೊದಲ ಭೇಟಿ 1847ರಲ್ಲಿ, ಲಂಡನ್ನಿನ ಒಂದು ಔತಣಕೂಟದಲ್ಲಿ. ಡಿಕನ್ಸ್ ಆದರದಿಂದಲೇ ಮಾತನಾಡಿಸಿದ. ಆಂಡರ್‌ಸನ್ ಊರಿಗೆ ಹೊರಟ ದಿನ ರ‍್ಯಾಮ್ಸ್‌ಗೇಟ್ ಬಂದರಿನವರೆಗೆ ಬಂದು ಬೀಳ್ಕೊಟ್ಟ. ಆ ನೆನಪನ್ನು ಆಂಡರ್‌ಸನ್ ಹತ್ತು ವರ್ಷ ಕಾಪಾಡಿಕೊಂಡ. ಪತ್ರಗಳು ಓಡಾಡಿದವು. ಕೊನೆಗೆ ತನ್ನ ಮನೆಗೇ ಬಂದಿರುವಂತೆ ಡಿಕನ್ಸ್ ಕರೆದಾಗ, ಹೆಚ್ಚೆಂದರೆ ಎರಡು ವಾರ ಇರುವುದಾಗಿ ತಿಳಿಸಿ ಆಂಡರ್‌ಸನ್ ಹೊರಟ. 1857ರ ಜೂನ್ 11ರಂದು ಕೆಂಟ್ ಪ್ರಾಂತದ ಗ್ಯಾಡ್ಸ್ ಹಿಲ್‌ನ ಮನೆಗೆ ಬಂದಿಳಿದವನು ಅಲ್ಲಿಂದ ಹೊರಟದ್ದು ಜುಲೈ 15ರಂದು.

ಈ ಐದು ವಾರಗಳ ಕಥೆಯನ್ನು ನಗೆಗತೆಯಾಗಿ ಹೇಳುವುದೇ ವಾಡಿಕೆ. ನಗಲು ಕಾರಣವೂ ಇದೆ. ಬೆಳಿಗ್ಗೆ ತನಗೆ ಕ್ಷೌರ ಮಾಡಲು ಮನೆಯ ಗಂಡುಮಕ್ಕಳಲ್ಲೊಬ್ಬನನ್ನು ಕಳುಹಿಸಬೇಕೆಂದು ಅತಿಥಿ ಕೇಳಿದನಂತೆ. ಹುಡುಗರು ಗಾಬರಿಬಿದ್ದರು. ತನ್ನ ಹೊಸ ಕಾದಂಬರಿಯ ಬಗ್ಗೆ ಬಂದ ಕಟುವಿಮರ್ಶೆಯೊಂದನ್ನು ಓದಿದ ಐವತ್ತೆರಡರ ಆಂಡರ್‌ಸನ್ ತೋಟದ ಹುಲ್ಲಿನ ಮೇಲೆ ಬೋರಲು ಬಿದ್ದು ಅತ್ತ. ಆ ಕಾದಂಬರಿಯನ್ನು ಅವನು ಅರ್ಪಿಸಿದ್ದುದು ಡಿಕನ್ಸ್‌ನಿಗೇ ಎಂಬುದನ್ನು ನೆನೆದರೆ ಈ ಅಳುವಿಗೆ ಪೂರ್ತಿ ನಗುವುದು ಕಷ್ಟ. ಡಿಕನ್ಸ್ ಸಮಾಧಾನ ಹೇಳಿದ: ಕಾಲಿನಿಂದ ಮರಳಿನ ಮೇಲೆ ಗೀಚಿ, ವಿಮರ್ಶೆಯೆಂದರೆ ಇಷ್ಟೇ ಎಂದು ಅದನ್ನು ಅಳಿಸಿ ತೋರಿಸಿದ.

ಅಲ್ಲದೆ ಇಬ್ಬರಿಗೂ ಸಲೀಸಾಗಿ ಆಡಬಲ್ಲ ಒಂದು ಸಾಮಾನ್ಯ ಭಾಷೆಯೇ ಇರಲಿಲ್ಲ. ಆಂಡರ್‌ಸನ್‌ನ ಇಂಗ್ಲಿಷ್ ತೀರಾ ಸಾಧಾರಣ. ಅದನ್ನು ಡಿಕನ್ಸ್ ಸ್ನೇಹಿತರಿಗೆ ಬರೆದ ಪತ್ರಗಳಲ್ಲಿ ಗೇಲಿ ಮಾಡಿದ್ದಾನೆ. ಮಾತಿಲ್ಲದೆಡೆ ಕತ್ತರಿ ನೆರವಿಗೆ ಬಂತು. ಕಾಗದ ಮಡಿಸಿ ಕತ್ತರಿಸಿ ಆಂಡರ್‌ಸನ್ ಬಿಡಿಸುತ್ತಿದ್ದ ಚಿತ್ರಗಳನ್ನು ಮನೆಯ ಮಕ್ಕಳು ಎಷ್ಟೋ ವರ್ಷ ಮರೆಯಲಿಲ್ಲ.

ಆದರೆ ಆ ಬೇಸಿಗೆಯಲ್ಲಿ ಡಿಕನ್ಸ್‌ನ ಮನೆ ಅತಿಥಿಗಳು ಬಂದಿರುವ ಸ್ಥಿತಿಯಲ್ಲಿರಲಿಲ್ಲ. ಆಂಡರ್‌ಸನ್ ಬರುವ ಮೂರು ದಿನ ಮುಂಚೆ ಗೆಳೆಯ ಡಗ್ಲಾಸ್ ಜೆರಾಲ್ಡ್ ತೀರಿಕೊಂಡಿದ್ದ. ಆತನ ಕುಟುಂಬದ ಸಹಾಯಾರ್ಥ ನಾಟಕ ಆಡಿಸಲು ಡಿಕನ್ಸ್ ಲಂಡನ್ನಿಗೂ ಮನೆಗೂ ಓಡಾಡುತ್ತಿದ್ದ. ಅದಕ್ಕಿಂತ ಮಿಗಿಲಾಗಿ, ಪತ್ನಿ ಕ್ಯಾಥರೀನ್‌ಳೊಡನೆ ಆತನ ದಾಂಪತ್ಯ ಒಳಗೊಳಗೇ ಮುರಿಯುತ್ತಿತ್ತು. ಮರುವರ್ಷವೇ ಇಬ್ಬರೂ ಬೇರೆಯಾದರು.

ಅತಿಥಿಗೆ ಏನೂ ಕಾಣಲಿಲ್ಲವೆಂದಲ್ಲ. ಮಗಳು ಕೇಟ್ ಮತ್ತು ನಾದಿನಿ ಜಾರ್ಜಿನಾ ತನ್ನನ್ನು ಅಷ್ಟಾಗಿ ಮೆಚ್ಚುತ್ತಿಲ್ಲವೆಂಬುದು ಆತನ ದಿನಚರಿಯಲ್ಲಿದೆ. ಮೊನಚು ಮಾತು, ನೋಟಗಳು ತಿಳಿಯುತ್ತಿದ್ದವು, ಮನೆಯ ಬಿರುಕು ತಿಳಿಯಲಿಲ್ಲ. ತನ್ನೊಡನೆ ಅಕ್ಕರೆಯಿಂದಿದ್ದ ಕ್ಯಾಥರೀನ್‌ಳಲ್ಲಿ ಆತ ಕಂಡದ್ದು 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯ ಆಗ್ನೆಸ್‌ಳನ್ನು. ಆತ ಹುಡುಕಿಕೊಂಡು ಬಂದದ್ದು ಆ ಪುಸ್ತಕಗಳ ಲೋಕವನ್ನು. ಅಲ್ಲಿದ್ದುದೋ, ಅವನ್ನು ಬರೆದು ದಣಿದ ಒಬ್ಬ ಗೃಹಸ್ಥ.

ಇನ್ನೊಂದು ಅಂತರವೂ ಇತ್ತು. ಇಬ್ಬರೂ ಬಾಲ್ಯದಲ್ಲಿ ಬಡತನ ಉಂಡವರೇ. ಚಮ್ಮಾರನ ಮಗನಾದ ಆಂಡರ್‌ಸನ್ ಅದನ್ನು ಆತ್ಮಕಥೆಯಲ್ಲಿ ಊರಿಗೆಲ್ಲ ಸಾರಿದ್ದ. ಅಪ್ಪ ಸಾಲಗಾರರ ಜೈಲಿನಲ್ಲಿದ್ದಾಗ, ಹನ್ನೆರಡರ ವಯಸ್ಸಿನಲ್ಲಿ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿದದ್ದನ್ನು ಡಿಕನ್ಸ್ ಲೋಕದಿಂದ ಮುಚ್ಚಿಟ್ಟ. ಅದು ಹೊರಬಿದ್ದದ್ದು ಆತ ಸತ್ತ ಮೇಲೆ. ಇಬ್ಬರನ್ನೂ ನಿಜಕ್ಕೂ ಹತ್ತಿರ ತರಬಹುದಾಗಿದ್ದ ಮಾತೇ ಆ ಮನೆಯಲ್ಲಿ ಬರುವಂತಿರಲಿಲ್ಲ.

ಹೊರಡುವ ದಿನ ಡಿಕನ್ಸ್ ತಾನೇ ಗಾಡಿ ಹೊಡೆದುಕೊಂಡು ಮೇಡ್‌ಸ್ಟನ್ ರೈಲು ನಿಲ್ದಾಣಕ್ಕೆ ಆಂಡರ್‌ಸನ್‌ನನ್ನು ಬಿಟ್ಟುಬಂದ. ಬಂದವನೇ ಅತಿಥಿಯ ಕೋಣೆಯ ಕನ್ನಡಿಗೆ ಒಂದು ಚೀಟಿ ಅಂಟಿಸಿದ. ಆಂಡರ್‌ಸನ್ ಇಲ್ಲಿ ಮಲಗಿದ್ದ ಐದು ವಾರ ಮನೆಯವರಿಗೆ ಒಂದು ಯುಗದಂತಿತ್ತು ಎಂಬುದು ಅದರ ತಾತ್ಪರ್ಯ. ಅದೇ ಸೆಪ್ಟೆಂಬರ್‌ನಲ್ಲಿ ಒಂದು ಸೌಜನ್ಯದ ಪತ್ರ ಬರೆದ. ಅಲ್ಲಿಗೆ ಮುಗಿಯಿತು. ಆಮೇಲೆ ಡೆನ್ಮಾರ್ಕಿನಿಂದ ಬಂದ ಪತ್ರಗಳಿಗೆ ಉತ್ತರ ಹೋಗಲಿಲ್ಲ.

ಆಂಡರ್‌ಸನ್ ಮಾತ್ರ 1860ರಲ್ಲಿ ಆ ಭೇಟಿಯ ವೃತ್ತಾಂತವನ್ನು ಬೆಳದಿಂಗಳಂತೆ ಬರೆದು ಪ್ರಕಟಿಸಿದ. ದಂಪತಿ ಬೇರೆಯಾಗಿ ಆಗಲೇ ಎರಡು ವರ್ಷ ಕಳೆದಿತ್ತು. ಆ ಸುಖೀ ಸಂಸಾರದ ಚಿತ್ರವನ್ನು ಡಿಕನ್ಸ್ ಹೇಗೆ ಓದಿದ್ದಾನು!

1870ರ ಜೂನ್‌ನಲ್ಲಿ ಡಿಕನ್ಸ್ ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಆಂಡರ್‌ಸನ್, ತನ್ನ ಪತ್ರಗಳಿಗೆ ಆತ ಏಕೆ ಉತ್ತರಿಸಲಿಲ್ಲವೆಂಬುದು ಇನ್ನು ತನಗೆ ತಿಳಿಯುವುದಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡ.