ಕೈ ಬೇಕು, ಬಾಯಿ ಬೇಡ

ತಮಟೆ ಇಲ್ಲದೆ ನಮ್ಮ ಊರುಗಳಲ್ಲಿ ತೇರು ಕದಲೋದಿಲ್ಲ. ತಮಟೆ ಬಡಿಯುವ ಕೈ ಎಲ್ಲರಿಗೂ ಬೇಕು. ಆದರೆ ಆ ಕೈಯವನು ಒಂದು ದಿನ ತಮಟೆ ಕೆಳಗಿಟ್ಟು, 'ನಮ್ಮ ಕೇರಿಗೆ ನೀರು ಯಾಕೆ ಬರಲಿಲ್ಲ?' ಅಂತ ಕೇಳಿದರೆ 'ಜಾತ್ರೆ ಕೆಡಿಸಿದ' ಅಂತಾರೆ. ನೀರಿನ ಮಾತು ಅಲ್ಲಿಗೇ ಮುಗಿಯಿತು. ಆಮೇಲೆಲ್ಲ ಜಾತ್ರೆ ಕೆಟ್ಟ ಲೆಕ್ಕವೇ.

2018ರ ಫೆಬ್ರವರಿಯಲ್ಲಿ ಅಮೆರಿಕದ ಫಾಕ್ಸ್ ನ್ಯೂಸ್ ಟಿ.ವಿ.ಯ ನಿರೂಪಕಿ ಲಾರಾ ಇಂಗ್ರಹಾಮ್, ಅಧ್ಯಕ್ಷ ಟ್ರಂಪ್ ಬಗ್ಗೆ ಮಾತಾಡಿದ ಬ್ಯಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್‌ಗೆ, ಬಾಯಿ ಮುಚ್ಚಿಕೊಂಡು ಚೆಂಡು ಪುಟಿಸು ಎಂದಳು. ಮಾತು ಇಂಗ್ಲಿಷಿನದು, ದನಿ ಮಾತ್ರ ನಮಗೆ ಗೊತ್ತಿರುವ ಜಗಲಿಯದೇ.

ಎರಡು ವರ್ಷದ ನಂತರ ಈ ದನಿಗೆ ಒಂದು ಅಂಕಿ ಸಿಕ್ಕಿತು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯನ ಕತ್ತಿನ ಮೇಲೆ ಪೊಲೀಸನೊಬ್ಬ ಮಂಡಿಯೂರಿ ಕೊಂದ. ಆಗಸ್ಟ್ 23ರಂದು ಕೆನೋಶಾದಲ್ಲಿ ಜೇಕಬ್ ಬ್ಲೇಕ್‌ನ ಬೆನ್ನಿಗೆ ಪೊಲೀಸರ ಗುಂಡು ಬಿತ್ತು. ಮೂರೇ ದಿನಕ್ಕೆ ಅದೇ ರಾಜ್ಯದ ಮಿಲ್ವಾಕೀ ಬಕ್ಸ್ ತಂಡ ಅಂಕಣಕ್ಕಿಳಿಯಲಿಲ್ಲ. ಇಡೀ ಲೀಗು ನಿಂತಿತು. ಆ ವರ್ಷದ ಫೈನಲ್ ಸರಣಿಯನ್ನು ಟಿ.ವಿ.ಯಲ್ಲಿ ಪಂದ್ಯಕ್ಕೆ ಸರಾಸರಿ ಸುಮಾರು 75 ಲಕ್ಷ ಜನ ನೋಡಿದರು. ಹಿಂದಿನ ವರ್ಷ ನೋಡಿದವರು ಸುಮಾರು 1 ಕೋಟಿ 51 ಲಕ್ಷ. ನೇರ ಅರ್ಧ! 'ನೋಡಿದಿರಾ? ರಾಜಕೀಯ ಮಾತಾಡಿ ಆಟ ಹಾಳು ಮಾಡಿಕೊಂಡರು' ಎಂದು ಟ್ರಂಪ್ ಕಡೆಯವರು ಕುಣಿದರು.

ಗೆಳೆಯರೇ, ಅಂಕಿ ಸುಳ್ಳಲ್ಲ. ಆದರೆ ಅಂಕಿಯ ಬಾಯಲ್ಲಿ ಯಾರು ಮಾತಾಡುತ್ತಿದ್ದಾರೆ ಅಂತ ನೋಡಬೇಕು.

ಆ ಫೈನಲ್ ಯಾವಾಗ ನಡೆಯಿತು? ಕೊರೋನಾ ಕಾರಣಕ್ಕೆ ಎಂದಿನ ಜೂನ್ ಬಿಟ್ಟು ಸೆಪ್ಟೆಂಬರ್ ಕೊನೆಗೆ ಶುರುವಾಗಿ ಅಕ್ಟೋಬರಿನಲ್ಲಿ ಮುಗಿಯಿತು. ಎದುರಿಗೆ ಅಮೆರಿಕನ್ ಫುಟ್‌ಬಾಲ್, ಪಕ್ಕದಲ್ಲಿ ಅಧ್ಯಕ್ಷರ ಚುನಾವಣೆ. ಪ್ರೇಕ್ಷಕರಿಲ್ಲದ ಖಾಲಿ ಅಂಕಣ. ಅದೇ ವರ್ಷ ಐಸ್ ಹಾಕಿಯ ಫೈನಲ್ ನೋಡುವವರು ಅರ್ಧಕ್ಕಿಂತ ಹೆಚ್ಚು ಇಳಿದರು. ಅಲ್ಲಿ ಆಡುವವರು ಬಹುಪಾಲು ಬಿಳಿಯರು. ಆಗಸ್ಟಿನಲ್ಲಿ ಎರಡು ದಿನ ಆಟ ನಿಲ್ಲಿಸಿದ್ದು ನಿಜ, ಆದರೆ ಪ್ರತಿಭಟನೆಯ ದನಿ ಬ್ಯಾಸ್ಕೆಟ್‌ಬಾಲಿನಷ್ಟು ಅಲ್ಲಿ ಇರಲಿಲ್ಲ. ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಕೂಡ ಅದುವರೆಗಿನ ಅತಿ ಕಡಿಮೆ ನೋಟ ಕಂಡಿತು. ಇವನ್ನೆಲ್ಲ ಯಾರ ಘೋಷಣೆ ಕೆಡಿಸಿತು?

ಇನ್ನೂ ಹಿಂದಕ್ಕೆ ಹೋಗೋಣ. 1998ರಲ್ಲಿ ಮೈಕೆಲ್ ಜೋರ್ಡಾನ್ ಆಡಿದ ಕೊನೆಯ ಫೈನಲನ್ನು ಪಂದ್ಯಕ್ಕೆ ಸುಮಾರು 2 ಕೋಟಿ 90 ಲಕ್ಷ ಜನ ನೋಡಿದರು. ಜೋರ್ಡಾನ್ ರಾಜಕೀಯ ಮಾತಾಡದವನು. ನೋಡಿ, ಸುಮ್ಮನಿದ್ದರೆ ಜನ ಬರ್ತಾರೆ ಅನ್ನಬಹುದು. ಆದರೆ ಮಾರನೇ ವರ್ಷ ಅವನಿಲ್ಲದ ಫೈನಲಿಗೆ ಬಂದವರು ಸುಮಾರು 1 ಕೋಟಿ 60 ಲಕ್ಷ. 2007ರಲ್ಲಿ 93 ಲಕ್ಷಕ್ಕೆ ಇಳಿಯಿತು. ಆಗ ಯಾರೂ ಮಂಡಿಯೂರಿರಲಿಲ್ಲ, ಯಾರ ಅಂಗಿಯ ಮೇಲೂ ಅಕ್ಷರ ಇರಲಿಲ್ಲ. ಜನ ಬಂದದ್ದು ಜೋರ್ಡಾನನ ಆಟಕ್ಕೆ, ಅವನ ಮೌನಕ್ಕಲ್ಲ.

ಇದಕ್ಕೂ ಹಳೆಯ ಮಾತಿದೆ. 1970ರ ದಶಕದ ಕೊನೆಯಲ್ಲಿ ಈ ಲೀಗಿನ ನೋಟ ಎಷ್ಟು ಇಳಿದಿತ್ತೆಂದರೆ, 1980ರ ಫೈನಲಿನ ಕೊನೆಯ ಪಂದ್ಯವನ್ನು ಸಿ.ಬಿ.ಎಸ್. ವಾಹಿನಿ ಹೆಚ್ಚಿನ ಊರುಗಳಲ್ಲಿ ನೇರವಾಗಿ ತೋರಿಸಲೇ ಇಲ್ಲ. ರಾತ್ರಿ ತಡವಾಗಿ ಟೇಪು ಹಾಕಿ ತೋರಿಸಿತು. ಅವತ್ತು 20 ವರ್ಷದ ಮ್ಯಾಜಿಕ್ ಜಾನ್ಸನ್ 42 ಪಾಯಿಂಟ್ ಹೊಡೆದಿದ್ದ! ಆಗ ಪತ್ರಿಕೆಗಳಲ್ಲಿ ಬಂದ ಚರ್ಚೆ ಏನು ಗೊತ್ತೆ? ಆಟಗಾರರಲ್ಲಿ ಕರಿಯರು ಹೆಚ್ಚಾದರು, ಅದಕ್ಕೇ ಬಿಳಿಯರು ನೋಡ್ತಿಲ್ಲ ಅಂತ. ಅಂದರೆ ಮೊದಲು ಅವರ ಮೈಯೇ ತಪ್ಪಾಗಿತ್ತು. ಮೈಗೆ ಕಣ್ಣು ಒಗ್ಗಿದ ಮೇಲೆ ಬಾಯಿ ತಪ್ಪಾಯಿತು. ಪ್ರೇಕ್ಷಕರ ಹೆಸರಲ್ಲಿ ಬರುವ ಆಕ್ಷೇಪಣೆ ಮಾತ್ರ ಒಂದೇ.

ಆ ಬಾಯಿಗಳ ಚರಿತ್ರೆ ನಾವು ಓದಬೇಕು. 1959ರಲ್ಲಿ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ನಲ್ಲಿ ಹೋಟೆಲಿನವರು ಕರಿಯರಿಗೆ ಕೋಣೆ ಕೊಡಲಿಲ್ಲ. ಎಲ್ಜಿನ್ ಬೇಲರ್ ಆಡದೆ ಸುಮ್ಮನೆ ಕೂತ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ತಿನ್ನಲು ಕೊಡಲಿಲ್ಲ. ಬಿಲ್ ರಸೆಲ್ ಮತ್ತು ಎರಡೂ ತಂಡಗಳ ಕರಿಯ ಆಟಗಾರರು ಊರು ಬಿಟ್ಟು ನಡೆದರು. 1964ರ ಜನವರಿ 14ರಂದು ಬಾಸ್ಟನ್‌ನಲ್ಲಿ ತಾರಾ ಆಟಗಾರರ ಪಂದ್ಯ. ದೇಶಕ್ಕೆಲ್ಲ ಟಿ.ವಿ.ಯಲ್ಲಿ ತೋರಿಸುವ ಏರ್ಪಾಡು. ಕರಿಯರು, ಬಿಳಿಯರು ಒಟ್ಟಾಗಿ, ಪಿಂಚಣಿಗೆ ಒಪ್ಪುವ ತನಕ ಬರೋದಿಲ್ಲ ಅಂತ ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿಕೊಂಡರು. ಹೊರಗೆ ಕ್ಯಾಮೆರಾ ಕಾಯುತ್ತಿತ್ತು. ಲೀಗಿನ ಅಧ್ಯಕ್ಷ ವಾಲ್ಟರ್ ಕೆನಡಿ ಒಪ್ಪಿಕೊಂಡ. ಟಿ.ವಿ. ಒಡೆಯನಿಗೆ ಎಷ್ಟು ಮುಖ್ಯವೋ, ದುಡಿಯುವವನ ಕೈಯಲ್ಲಿ ಅದು ಅಷ್ಟೇ ದೊಡ್ಡ ಆಯುಧ ಅಂತ ಅವತ್ತು ತಿಳಿಯಿತು.

ಬೆಲೆ ತೆತ್ತವರೂ ಇದ್ದಾರೆ. ಕ್ರೇಗ್ ಹಾಜಸ್ ಆಫ್ರಿಕನ್ ಉಡುಪಿನಲ್ಲಿ ಶ್ವೇತಭವನಕ್ಕೆ ಹೋಗಿ, ಬಡವರ, ಕರಿಯರ ಪರವಾಗಿ ಅಧ್ಯಕ್ಷ ಬುಷ್‌ಗೆ ಪತ್ರ ಕೊಟ್ಟವನು. 1992ರಲ್ಲಿ ತಂಡ ಕೈಬಿಟ್ಟಿತು. ಆ ಲೀಗಿನ ಯಾವ ತಂಡವೂ ಮತ್ತೆ ಕರೆಯಲಿಲ್ಲ. ಮಹಮೂದ್ ಅಬ್ದುಲ್ ರವೂಫ್ 1996ರಲ್ಲಿ ರಾಷ್ಟ್ರಗೀತೆಗೆ ನಿಲ್ಲಲು ಒಪ್ಪದೆ ಒಂದು ಪಂದ್ಯದ ಅಮಾನತು ಉಂಡ. ಆ ಋತು ಮುಗಿದ ಮೇಲೆ ತಂಡ ಅವನನ್ನು ಬೇರೆ ಕಡೆಗೆ ಸಾಗಹಾಕಿತು.

ಇದು ನಮಗೆ ದೂರದ ಕತೆಯೇನಲ್ಲ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಳವಂಕರ ಬಾಳೂ ಪುಣೆಯಲ್ಲಿ ಬೌಲಿಂಗ್ ಮಾಡುವಾಗ ಅವನ ಚೆಂಡು ಎಲ್ಲರಿಗೂ ಬೇಕಿತ್ತು. ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. 1920ರಲ್ಲಿ ಅನ್ಯಾಯ ಖಂಡಿಸಿ ಅವನ ತಮ್ಮಂದಿರು ಹಿಂದೂ ತಂಡದಿಂದ ಹೊರಗುಳಿದರು. 1923ರಲ್ಲಿ ತಮ್ಮ ವಿಠ್ಠಲ ಅದೇ ತಂಡದ ನಾಯಕನಾದ. ಆಟ ಕೆಡಲಿಲ್ಲ, ಆ ವರ್ಷ ತಂಡ ಗೆದ್ದಿತು.

ಹಾಗಾದರೆ ಮಾತಿನಿಂದ ನೋಟ ಕಮ್ಮಿ ಆಗೋದೇ ಇಲ್ಲವೆ? ಆಗುತ್ತದೆ. ಸಿಟ್ಟಿಗೆ ಟಿ.ವಿ. ಆರಿಸಿದೆವು ಅಂತ ಸಮೀಕ್ಷೆಗಳಲ್ಲಿ ಕೆಲವರು ಹೇಳಿದರು. ಅದನ್ನು ನಾವು ಅಲ್ಲಗಳೆಯಬೇಕಿಲ್ಲ. ಆದರೆ ಪೂರ್ತಿ ಕತ್ತಲೆ ಮಾಡಿದವರು ಬೇರೆ. 2021ರ ಅಕ್ಟೋಬರಿನಲ್ಲಿ ಎನಿಸ್ ಕಾಂಟರ್ ಟಿಬೆಟ್ ಪರ ಮಾತಾಡಿದಾಗ ಚೀನಾದ ಟೆನ್ಸೆಂಟ್ ಕಂಪನಿ ಅವನ ಬಾಸ್ಟನ್ ತಂಡದ ಪಂದ್ಯಗಳನ್ನೇ ನಿಲ್ಲಿಸಿತು. ಅಲ್ಲಿ ರಿಮೋಟು ನೋಡುವವನ ಕೈಯಲ್ಲಿ ಇರಲಿಲ್ಲ.

ಅಮೆರಿಕದಲ್ಲಿ 2020ರ ಅಕ್ಟೋಬರಿನಲ್ಲೇ ಲೀಗಿನ ಕಮಿಷನರ್ ಆ್ಯಡಂ ಸಿಲ್ವರ್, ಇನ್ನು ಘೋಷಣೆಗಳು ಹೆಚ್ಚಾಗಿ ಅಂಕಣದ ಹೊರಗೆ ಅಂದ. ಘೋಷಣೆ ಅಳಿಸಿದರು. 2022ರಲ್ಲಿ ನೋಟ 1 ಕೋಟಿ 24 ಲಕ್ಷಕ್ಕೆ ಏರಿತು, 2025ರಲ್ಲಿ ಮತ್ತೆ 1 ಕೋಟಿ 3 ಲಕ್ಷಕ್ಕೆ ಇಳಿಯಿತು. ಅಳಿಸಲು ಘೋಷಣೆ ಇಲ್ಲದಾಗಲೂ ಇಳಿಯಿತು! ಜನ ಕೇಬಲ್ ಬಿಟ್ಟು ಫೋನು ಹಿಡಿದಿದ್ದಾರೆ. ನಷ್ಟವಾಯಿತೆಂದು ಅಳುತ್ತಿದ್ದವರ ಗಲ್ಲಾಪೆಟ್ಟಿಗೆ ನೋಡಿ: 2024ರಲ್ಲಿ ಟಿ.ವಿ. ಕಂಪನಿಗಳು 11 ವರ್ಷದ ಪ್ರಸಾರಕ್ಕೆ ಸುಮಾರು 7,600 ಕೋಟಿ ಡಾಲರ್ ಒಪ್ಪಿದವು.

ಕೊನೆಗೊಂದು ಮಾತು. ಜಾತ್ರೆ ಕೆಟ್ಟಿತೆ ಅಂತ ಕೇಳುವವರು ನೀರು ಬಂತೇ ಅಂತ ಕೇಳುವುದಿಲ್ಲ. ನಾವು ಅದನ್ನು ಕೇಳಬೇಕು. 2020ರ ಮುಷ್ಕರದ ನಂತರ ಆಟದ ಅಂಗಣಗಳು ಮತಗಟ್ಟೆಗಳಾದವು. ಆ ಆಗಸ್ಟಿನಲ್ಲೇ ಅಟ್ಲಾಂಟಾ ಡ್ರೀಮ್ ತಂಡದ ಹೆಣ್ಣುಮಕ್ಕಳು, ತಮ್ಮ ತಂಡದ ಒಡತಿಯೂ ಸೆನೆಟರೂ ಆಗಿದ್ದ ಕೆಲ್ಲಿ ಲೆಫ್ಲರ್ ಎದುರೇ, ಅವಳ ಪ್ರತಿಸ್ಪರ್ಧಿ ರಫಾಯೆಲ್ ವಾರ್ನಾಕ್‌ಗೆ ಓಟು ಹಾಕಿ ಎಂಬ ಅಂಗಿ ತೊಟ್ಟರು. 2021ರ ಜನವರಿಯಲ್ಲಿ ವಾರ್ನಾಕ್ ಗೆದ್ದು ಜಾರ್ಜಿಯಾದ ಮೊದಲ ಕರಿಯ ಸೆನೆಟರ್ ಆದ. ಮುಂದಿನ ತಿಂಗಳು ಒಡತಿ ತಂಡ ಮಾರಿದಳು. ಕೊಂಡವರಲ್ಲಿ ಒಬ್ಬಳು ರೆನೀ ಮಾಂಟ್‌ಗೊಮರಿ, ಅದೇ ತಂಡದಲ್ಲಿ ಆಡಿದ ಹೆಣ್ಣುಮಗಳು.

ಎಷ್ಟು ಕಣ್ಣು ನೋಡಿದವು ಅಂತ ಟಿ.ವಿ.ಯವರು ಎಣಿಸಲಿ. ತಮಟೆ ಕೆಳಗಿಟ್ಟ ಕೈಗಳನ್ನು ನಾವು ಎಣಿಸೋಣ.