ಪರದೆಯ ಹಿಂದಿನ ಮೊಹರು

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಎಲ್ಲರಿಗೂ ಇಷ್ಟವಾಗುವ ಒಂದು ಕಥೆಯಿದೆ. 1776ರಲ್ಲಿ ಬೆಟ್ಟದ ಚಾಮರಾಜ ಒಡೆಯರು ತೀರಿಕೊಂಡಾಗ ಹೈದರಾಲಿ ಅರಸು ಮನೆತನದ ಮಕ್ಕಳನ್ನೆಲ್ಲ ಒಂದು ಹಜಾರದಲ್ಲಿ ಸೇರಿಸಿ, ಮುಂದೆ ಆಟಿಕೆ, ಹಣ್ಣು, ಒಡವೆಗಳನ್ನು ಹರಡಿಸಿದನಂತೆ. ಒಂದು ಮಗು ಬಲಗೈಯಲ್ಲಿ ಪುಟ್ಟ ಕಠಾರಿಯನ್ನೂ ಎಡಗೈಯಲ್ಲಿ ನಿಂಬೆಹಣ್ಣನ್ನೂ ಎತ್ತಿಕೊಂಡಿತು. ಇವನೇ ರಾಜ ಎಂದು ಹೈದರ್ ಆರಿಸಿದ. ಆ ಮಗುವೇ ಖಾಸಾ ಚಾಮರಾಜ ಒಡೆಯರ್. ಮೈಸೂರಿನ ಚರಿತ್ರಕಾರ ಕರ್ನಲ್ ವಿಲ್ಕ್ಸ್ ಬರೆದಿಟ್ಟ ಈ ಪ್ರಸಂಗವನ್ನು ನಾನು ಓದಿದಾಗಲೆಲ್ಲ ಮನಸ್ಸು ಅಂತಃಪುರದ ಕಡೆಗೇ ಹೋಗುತ್ತದೆ. ಅಲ್ಲಿ ಲಕ್ಷ್ಮಮ್ಮಣ್ಣಿಯವರಿದ್ದರು. ನಾನು ಕಾದಂಬರಿ ಬರೆಯುತ್ತಿರುವುದು ಅವರನ್ನು ಕುರಿತು.

ಅವರು ಕತ್ತಿ ಗೋಪಾಲರಾಜ ಅರಸಿನವರ ಮಗಳು, ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. ಪಟ್ಟದಲ್ಲಿ ಅರಸರಿದ್ದರೂ ಅಧಿಕಾರ ಮೊದಲು ದಳವಾಯಿಗಳ ಕೈಯಲ್ಲಿತ್ತು. 1761ರ ಹೊತ್ತಿಗೆ ಹೈದರನ ಕೈಸೇರಿತು. 1766ರಲ್ಲಿ ಅರಸರು ತೀರಿಕೊಂಡರು. ಹಿರಿಯ ಕುವರ ನಂಜರಾಜ ಒಡೆಯರು ನಾಲ್ಕೇ ವರ್ಷಕ್ಕೆ ಹೋದರು. ಕತ್ತು ಹಿಸುಕಿ ಕೊಲ್ಲಿಸಲಾಯಿತೆಂದು ವಿಲ್ಕ್ಸ್ ಬರೆಯುತ್ತಾನೆ. ಪಟ್ಟಕ್ಕೇರಿದ ಹುಡುಗರು ಒಬ್ಬರಾದ ಮೇಲೊಬ್ಬರು ಕಣ್ಮುಚ್ಚಿದರೂ ರಾಜ್ಯವನ್ನು ಮರಳಿ ಪಡೆಯುವ ಹಠವನ್ನು ಈ ವಿಧವೆ ರಾಣಿ ಬಿಡಲಿಲ್ಲ.

ಐತಿಹಾಸಿಕ ಕಾದಂಬರಿಯ ರಾಣಿ ಎಂದರೆ ನಮಗೆ ಕುದುರೆಯೇರಿ ಕತ್ತಿ ಹಿರಿದವಳೇ ಆಗಬೇಕು. ಲಕ್ಷ್ಮಮ್ಮಣ್ಣಿಯವರು ಕತ್ತಿ ಹಿಡಿಯಲಿಲ್ಲ. ಅವರು ಓಲೆ ಕಳಿಸಿದರು, ಮಾತು ಕೊಟ್ಟರು, ಕಾದರು. ಕಾವಲಿನಲ್ಲಿದ್ದ ಅರಮನೆಯಿಂದ ಗುಟ್ಟಾಗಿ ಹೊರಬಿದ್ದ ಒಂದೊಂದು ಓಲೆಯೂ ಸಿಕ್ಕಿಬಿದ್ದರೆ ಪ್ರಾಣಕ್ಕೇ ಎರವಾಗುವಂಥದ್ದು. ಹೊರಗೆ ಅವರ ಪರವಾಗಿ ಓಡಾಡಿದವರು ತಿರುಮಲರಾಯರು ಮತ್ತು ಅವರ ತಮ್ಮ ನಾರಾಯಣರಾಯರು. ರಾಜ್ಯ ಮರಳಿ ಬಂದರೆ ಪ್ರಧಾನಿಕೆ ನಿಮ್ಮ ವಂಶಕ್ಕೆ, ಹುಟ್ಟುವಳಿಯಲ್ಲಿ ಹತ್ತನೆಯ ಒಂದು ಪಾಲೂ ನಿಮಗೆ ಎಂದು ರಾಣಿ ಮಾತು ಕೊಟ್ಟಿದ್ದರು.

1782ರ ಅಕ್ಟೋಬರಿನಲ್ಲಿ ತಂಜಾವೂರಿನಲ್ಲಿ ತಿರುಮಲರಾಯರು ರಾಣಿಯ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಜಾನ್ ಸಲಿವನ್‌ನೊಂದಿಗೆ ಒಪ್ಪಂದ ಮಾಡಿಕೊಂಡರು. ಕಂಪನಿಯ ಸೈನ್ಯ ಮುಂದುವರಿದಂತೆ ಕಂತುಕಂತಾಗಿ ಹಣ ಸಲ್ಲಬೇಕು. ಶ್ರೀರಂಗಪಟ್ಟಣ ಬಿದ್ದರೆ 5 ಲಕ್ಷ ವರಹ. ಡಿಸೆಂಬರಿನಲ್ಲಿ ಹೈದರ್ ಸತ್ತ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ನಡೆದ ಒಳಸಂಚು ಬಯಲಾಗಿ ಹಲವರು ತಲೆ ತೆತ್ತರು. 1784ರ ಮಂಗಳೂರು ಒಪ್ಪಂದದಲ್ಲಿ ಕಂಪನಿ ಹೈದರನ ಮಗ ಟಿಪ್ಪುವಿನೊಂದಿಗೆ ರಾಜಿಯಾಯಿತು. ರಾಣಿಗೆ ಕೊಟ್ಟ ಮಾತು ಮೂಲೆಗೆ ಬಿತ್ತು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ, ಆಗಲೂ ಒಡೆಯರಿಗೆ ಏನೂ ದಕ್ಕಲಿಲ್ಲ. 1796ರಲ್ಲಿ ಖಾಸಾ ಚಾಮರಾಜರು ತೀರಿಕೊಂಡಾಗ ಟಿಪ್ಪು ಹೊಸಬರಿಗೆ ಪಟ್ಟವನ್ನೇ ಕಟ್ಟಲಿಲ್ಲ. ಅರಮನೆ ಬರಿದಾಯಿತು. ಉಳಿದದ್ದು ಚಾಮರಾಜರ ಎರಡು ವರ್ಷದ ಒಂದು ಗಂಡುಕೂಸು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕಂಪನಿಯ ಕಮಿಷನರುಗಳು ಬಂದಾಗ ರಾಣಿ ಪರದೆಯ ಹಿಂದಿನಿಂದ ಮಾತನಾಡಿದರು. ಜೂನ್ 30ರಂದು ಮೈಸೂರಿನಲ್ಲಿ ಆ ಕೂಸಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರಿಗೆ, ಪಟ್ಟವಾಯಿತು. ಲಕ್ಷ್ಮಮ್ಮಣ್ಣಿ ಮತ್ತು ಅರಸು ಮನೆತನದ ದೇವಾಜಮ್ಮಣ್ಣಿ ಇಬ್ಬರ ಹೆಸರಿನಲ್ಲೂ ಹೋದ ಕೃತಜ್ಞತೆಯ ಪತ್ರದಲ್ಲಿ ತಮ್ಮ ಆಳ್ವಿಕೆ ತಪ್ಪಿ ನಲವತ್ತು ವರ್ಷವಾಯಿತೆಂಬ ಲೆಕ್ಕವಿದೆ. ಆ ಲೆಕ್ಕವನ್ನು ದಿನವೂ ಇಟ್ಟವರು ಹೆಂಗಸರು.

ಗೆಲುವಿನ ಬೆಲೆಯನ್ನೂ ನನ್ನ ಕಾದಂಬರಿ ಹೇಳಲೇಬೇಕು. ದಿವಾನಗಿರಿ ತಿರುಮಲರಾಯರಿಗೆ ಸಿಗಲಿಲ್ಲ, ಟಿಪ್ಪುವಿನ ಆಡಳಿತ ನಡೆಸಿದ್ದ ಪೂರ್ಣಯ್ಯನವರಿಗೆ ಹೋಯಿತು. ಜುಲೈ 8ರ ಒಪ್ಪಂದದ ಪ್ರಕಾರ ಸಂಸ್ಥಾನ ವರ್ಷಕ್ಕೆ 7 ಲಕ್ಷ ವರಹ ತೆರಬೇಕಾಯಿತು. ಆಡಳಿತ ಕೆಟ್ಟರೆ ಕಂಪನಿ ಕೈಹಾಕಬಹುದೆಂಬ ಷರತ್ತೂ ಅದರಲ್ಲಿತ್ತು. 1831ರಲ್ಲಿ ಅದೇ ಷರತ್ತು ಮುಮ್ಮಡಿಯವರ ಆಳ್ವಿಕೆಯನ್ನು ಕಿತ್ತುಕೊಂಡಿತು. ಅದನ್ನು ನೋಡಲು ರಾಣಿ ಇರಲಿಲ್ಲ, 1810ರಲ್ಲೇ ತೀರಿಕೊಂಡಿದ್ದರು.

ಅವರನ್ನು ದೇವತೆಯನ್ನಾಗಿಸಲು ನನಗೆ ಇಷ್ಟವಿಲ್ಲ, ದ್ರೋಹಿಯೆನ್ನಲು ಮನಸ್ಸು ಒಪ್ಪುವುದಿಲ್ಲ. ಹೈದರ್, ಟಿಪ್ಪು, ಪೂರ್ಣಯ್ಯನವರ ರಾಜಕೀಯವನ್ನು ನಾವು ರಾಜಕೀಯವೆಂದೇ ಓದುತ್ತೇವೆ. ಲಕ್ಷ್ಮಮ್ಮಣ್ಣಿಯವರದನ್ನು ಮಾತ್ರ ತಾಯಕ್ಕರೆಯೆಂದೋ ಅಂತಃಪುರದ ಪಿತೂರಿಯೆಂದೋ ಕರೆದು ಪುಟ ತಿರುವುತ್ತೇವೆ. ಯಾರು ವಾರಸುದಾರ, ಯಾರಿಗೆ ಮಾತು ಕೊಡಬೇಕು, ಯಾವ ಶತ್ರುವಿನ ವಿರುದ್ಧ ಯಾವ ಶತ್ರುವನ್ನು ನಂಬಬೇಕು ಎಂದು ತೀರ್ಮಾನಿಸಿದವರು ಅವರು. ಆ ತೀರ್ಮಾನಗಳ ಸರಿತಪ್ಪುಗಳೆಲ್ಲ ಅವರದೇ ಎಂದು ಒಪ್ಪಿದಾಗ ಮಾತ್ರ ಕಾದಂಬರಿ ಅವರಿಗೆ ನ್ಯಾಯ ಸಲ್ಲಿಸುತ್ತದೆ.