ಗೌಹರ್ ಜಾನ್

ಗೌಹರ್ ಜಾನ್ (26 ಜೂನ್ 1873 – 17 ಜನವರಿ 1930) ಹಿಂದೂಸ್ತಾನಿ ಸಂಗೀತದ ಗಾಯಕಿ ಹಾಗೂ ನರ್ತಕಿ. ಭಾರತದಲ್ಲಿ ಗ್ರಾಮಫೋನ್ ಧ್ವನಿಮುದ್ರಿಕೆಗಾಗಿ ಹಾಡಿದ ಮೊದಲ ಕಲಾವಿದರಲ್ಲಿ ಇವರು ಅತ್ಯಂತ ಪ್ರಸಿದ್ಧರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿದ್ದರು. ಮರಣಾನಂತರ ಬಹುಮಟ್ಟಿಗೆ ವಿಸ್ಮೃತಿಗೆ ಸರಿದಿದ್ದ ಇವರ ಬದುಕು ಅರಮನೆಯ ಕಡತಗಳು ಹಾಗೂ ಹಳೆಯ ಧ್ವನಿಮುದ್ರಿಕೆಗಳ ಮೂಲಕ ಪುನಃ ಬೆಳಕಿಗೆ ಬಂದಿತು.

ಆರಂಭಿಕ ಜೀವನ

ಇವರು ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ ಜನಿಸಿದರು. ಮೊದಲ ಹೆಸರು ಏಂಜಲೀನಾ ಯೋವರ್ಡ್. ತಂದೆ ಆರ್ಮೇನಿಯನ್ ಮೂಲದವರು. ಪತಿಯಿಂದ ಬೇರ್ಪಟ್ಟ ತಾಯಿ ವಿಕ್ಟೋರಿಯಾ ಮಗಳೊಂದಿಗೆ ಬನಾರಸಿಗೆ ಬಂದು, ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ಮಲ್ಕಾ ಜಾನ್ ಎಂಬ ಹೆಸರಿನಿಂದ ಗಾಯಕಿಯಾಗಿ ಖ್ಯಾತರಾದರು. ಮಗಳು ಗೌಹರ್ ಜಾನ್ ಎನಿಸಿದಳು. ಮುಂದೆ ತಾಯಿ ಮತ್ತು ಮಗಳು ಕಲ್ಕತ್ತಾದಲ್ಲಿ ನೆಲೆಸಿದರು. ಗೌಹರ್ ಅವರು ಬಿಂದಾದೀನ್ ಮಹಾರಾಜರಲ್ಲಿ ಕಥಕ್ ಅಭ್ಯಾಸ ಮಾಡಿದರು.

ಧ್ವನಿಮುದ್ರಣಗಳು

ಚಪ್ಪಟೆಯಾದ ಧ್ವನಿತಟ್ಟೆಯನ್ನು ಬಳಸುವ ಗ್ರಾಮಫೋನನ್ನು ರೂಪಿಸಿದವರು ಜರ್ಮನಿಯ ಹ್ಯಾನೋವರಿನ ಯಹೂದಿ ಕುಟುಂಬದಲ್ಲಿ ಜನಿಸಿ ಅಮೆರಿಕಕ್ಕೆ ವಲಸೆ ಹೋದ ಎಮಿಲ್ ಬರ್ಲಿನರ್. ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗೌಹರ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಆಗ ಮೈಕ್ರೊಫೋನಿನ ಬಳಕೆ ಇರಲಿಲ್ಲ. ಗಾಯಕರು ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಗಂಟೆಗಟ್ಟಲೆ ವಿಸ್ತರಿಸಬಹುದಾದ ರಾಗವನ್ನು ಗೌಹರ್ ಸುಮಾರು ಮೂರು ನಿಮಿಷಗಳ ಮಿತಿಗೆ ಹೊಂದಿಸಿದರು.

ಈ ಮುದ್ರಣಗಳ ತಟ್ಟೆಗಳು ಹ್ಯಾನೋವರಿನ ಕಾರ್ಖಾನೆಯಲ್ಲಿ ಸಿದ್ಧವಾಗಿ ಭಾರತಕ್ಕೆ ಬರುತ್ತಿದ್ದವು. ಅಲ್ಲಿನ ತಂತ್ರಜ್ಞರಿಗೆ ಕಲಾವಿದರ ಗುರುತು ಸಿಗಲೆಂದು ಹಾಡಿನ ಕೊನೆಯಲ್ಲಿ ಹೆಸರನ್ನು ಹೇಳುವ ಪದ್ಧತಿಯಿತ್ತು. ಗೌಹರ್ ಇಂಗ್ಲಿಷಿನಲ್ಲಿ ಸಾರಿದ 'ಮೈ ನೇಮ್ ಈಸ್ ಗೌಹರ್ ಜಾನ್' ಎಂಬ ಮಾತು ಅವರ ಹಲವು ಧ್ವನಿಮುದ್ರಿಕೆಗಳಲ್ಲಿ ಕೇಳಿಬರುತ್ತದೆ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅವರು ಸುಮಾರು 600 ಹಾಡುಗಳನ್ನು ಮುದ್ರಿಸಿದ್ದಾರೆ. 1911ರ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿಯವರೊಂದಿಗೆ ಹಾಡಿದರು.

ಮೈಸೂರಿನಲ್ಲಿ

ನ್ಯಾಯಾಲಯದ ವ್ಯಾಜ್ಯಗಳಿಂದ ಗೌಹರ್ ಅವರ ಸಂಪತ್ತು ಕರಗಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ 1928ರ ಆಗಸ್ಟ್ 1ರಂದು ಆಸ್ಥಾನ ಗಾಯಕಿಯಾಗಿ ನೇಮಕಗೊಂಡರು. ಹದಿನೆಂಟು ತಿಂಗಳು ತುಂಬುವ ಮೊದಲೇ ಮೈಸೂರಿನಲ್ಲಿ ನಿಧನರಾದರು.

ಮರುಶೋಧನೆ

ಅಂದಿನ ಧ್ವನಿತಟ್ಟೆಗಳು ಅರಗು ಬೆರೆತ ಮಿಶ್ರಣದವು, ಕೈಜಾರಿದರೆ ಒಡೆಯುವಂಥವು. ಅವುಗಳನ್ನು ನುಡಿಸುವ ಯಂತ್ರಗಳು ಬಳಕೆಯಿಂದ ಮರೆಯಾದಂತೆ ಅನೇಕ ಮನೆಗಳ ತಟ್ಟೆಗಳು ಗುಜರಿಗೆ ಸೇರಿದವು. ತಟ್ಟೆ ಒಡೆದಲ್ಲಿ, ಬೇರೆ ಪ್ರತಿ ಉಳಿಯದಿದ್ದರೆ, ಆ ಹಾಡೂ ಇಲ್ಲವಾಗುತ್ತದೆ.

ಮೈಸೂರು ಒಡೆಯರ ಇತಿಹಾಸವನ್ನು ಸಂಶೋಧಿಸುತ್ತಿದ್ದ ಬೆಂಗಳೂರಿನ ಲೇಖಕ ವಿಕ್ರಂ ಸಂಪತ್ ಅವರಿಗೆ ಅರಮನೆಯ ದಾಖಲೆಗಳ ನಡುವೆ ಗೌಹರ್ ಅವರಿಗೆ ಸಂಬಂಧಿಸಿದ ಕಡತ ದೊರೆಯಿತು. ಅದರ ಜಾಡು ಹಿಡಿದು ಬರೆದ 'ಮೈ ನೇಮ್ ಈಸ್ ಗೌಹರ್ ಜಾನ್' ಎಂಬ ಇಂಗ್ಲಿಷ್ ಜೀವನಚರಿತ್ರೆ 2010ರಲ್ಲಿ ಪ್ರಕಟವಾಯಿತು. ಬಳಿಕ ಅವರು ಸ್ಥಾಪಿಸಿದ 'ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್' ಸಂಸ್ಥೆಯು ಹಳೆಯ ಧ್ವನಿಮುದ್ರಿಕೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ. 2018ರ ಜೂನ್ 26ರಂದು ಗೂಗಲ್ ಗೌಹರ್ ಅವರ ಜನ್ಮದಿನದ ನೆನಪಿಗೆ ಡೂಡಲ್ ಪ್ರಕಟಿಸಿತು.